ಜೋಡಿ ಪುಸ್ತಕದ ಅಕ್ಕ

ಅಕ್ಕನ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಬೈಗುಳವಾಗಿ. ನಮ್ಮವರು ತೀರಿಹೋದ ಮೇಲೆ ಅವರ ಗುಂಡಿ-ದಾರದ ಅಂಗಡಿಯಲ್ಲಿ ನಾನು ಕೂರಲು ಶುರುಮಾಡಿದ ಹೊಸತು. ಬ್ಯಾಂಕಿನ ಗುಮಾಸ್ತರೊಬ್ಬರು ಬುಸುಗುಡುತ್ತ ಬಂದು, ಹುರಿಯಿಂದ ಬಿಗಿದ ಎರಡು ಪುಸ್ತಕಗಳನ್ನು ನನ್ನ ಮುಂದೆ ಕುಕ್ಕಿದರು.

"ಅಮ್ಮಾ, ಸ್ವಲ್ಪ ಕತ್ತರಿ ಕೊಡಿ. ಬಂಡವಾಳಶಾಹಿ, ಮುಕ್ತ ಮಾರುಕಟ್ಟೆ ಅಂದ್ರೇನು ತಿಳ್ಕೊಳ್ಳೋಣ ಅಂತ ಒಂದು ಪುಸ್ತಕ ಕೇಳಿದೆ. ಆ ಮೂಲೆ ಅಂಗಡಿ ಹೆಂಗಸು ಅದನ್ನ ಹೊಗಳೋದೊಂದು, ಉಗಿಯೋದೊಂದು, ಎರಡೂ ಸೇರಿಸಿ ಕಟ್ಟಿಕೊಟ್ಟಳು. ಒಂದೇ ಸಾಕು ಅಂದ್ರೆ ಒಂದೂ ಇಲ್ಲ ಅಂತಾಳೆ! ವ್ಯಾಪಾರ ಮಾಡ್ತಾಳೋ ಪಂಚಾಯ್ತಿ ಮಾಡ್ತಾಳೋ?"

ಹುರಿ ಕತ್ತರಿಸಿದರು. ಆದರೆ ಎರಡನ್ನೂ ಚೀಲಕ್ಕೆ ಹಾಕಿಕೊಂಡೇ ಹೋದರು. ಇಂಥ ಹೆಂಗಸನ್ನು ನೋಡದೆ ಇರುವುದು ಹೇಗೆ?

ಅವಳದು ಮಹಡಿ ಮೆಟ್ಟಿಲ ಕೆಳಗಿನ ಗೂಡಂಗಡಿ. ಹೊಟ್ಟೆ ಎಳೆದುಕೊಂಡೇ ಒಳಗೆ ಹೋಗಬೇಕು. ಹಳೆಯ ಪುಸ್ತಕಗಳ ನಡುವೆ, ಕಾಲು ಮುರಿದ ಕನ್ನಡಕಕ್ಕೆ ದಾರ ಸುತ್ತಿಕೊಂಡು ಕೂತಿದ್ದಳು. ಕಥೆ, ಹಾಡು, ಹೊಲಿಗೆ, ಯಾವ ಪುಸ್ತಕವನ್ನಾದರೂ ಜನ ಆರಿಸಿ ಒಯ್ಯಬಹುದಿತ್ತು. ಮಾರುಕಟ್ಟೆಯ ಕಪಾಟಿಗೆ ಮಾತ್ರ ಅವಳದೇ ಕಾನೂನು. ಮೊದಲು ಬೆಲೆ ಹೇಗೆ ಹುಟ್ಟುತ್ತದೆಂದು ಹೇಳುವ ತೆಳ್ಳನೆಯ ಪುಸ್ತಕ. ಅದನ್ನು ಓದಿ ಬಂದವರಿಗೆ ಗಿರಣಿ, ಬ್ಯಾಂಕು ಬೆಳೆದುಬಂದ ಚರಿತ್ರೆ. ಆಮೇಲೆ ಹೊಗಳುವ, ಉಗಿಯುವ ಜೋಡಿ. ಗುಮಾಸ್ತರು ಜಗಳವಾಡಿ ಮೊದಲೇ ಜೋಡಿಗೆ ಹಾರಿದ್ದರಂತೆ.

"ದಪ್ಪದ್ದನ್ನ ಮೊದಲು ಕೊಟ್ರೆ ತಲೆದಿಂಬು ಮಾಡ್ಕೋತಾರೆ ಕಣೇ," ಎಂದಳು.

"ಅದ್ಸರಿ, ಜೋಡಿ ಯಾಕಕ್ಕಾ?"

"ನಮ್ಮಪ್ಪ ಗಿರಣಿ ಕೂಲಿ. ನಮ್ಮ ಯಜಮಾನರು ಅದೇ ಗಿರಣೀಲಿ ಮೇಲ್ವಿಚಾರಕರು. ಒಂದೇ ಗಿರಣಿಗೆ ಎರಡು ಕಥೆ ಕೇಳಿದೋಳು ನಾನು. ಒಂದನ್ನೇ ಮಾರು ಅಂದ್ರೆ ಹೇಗೆ ಮಾರ್ಲಿ?"

ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ಅಕ್ಕ ನನಗೆ ಆ ತೆಳ್ಳನೆಯ ಪುಸ್ತಕವನ್ನು ಓದಿ ಹೇಳುತ್ತಿದ್ದಳು.

"ಬೆಲೆ ಅನ್ನೋದು ಒಂದು ಸುದ್ದಿ ಕಣೇ. ಬಿಳಿ ಗುಂಡಿ ತುಟ್ಟಿಯಾಯ್ತು ಅಂದ್ರೆ, ಎಲ್ಲೋ ಯಾರಿಗೋ ಅದು ಜರೂರು ಬೇಕಾಗಿದೆ ಅಂತ."

"ನನ್ನ ಹಸಿರು ಗುಂಡೀನ ಯಾರೂ ಮೂಸಿಯೂ ನೋಡ್ತಿಲ್ಲ. ಅದೂ ಸುದ್ದೀನಾ?"

"ಅದು ಮುಖಪುಟದ ಸುದ್ದಿ!"

ಹೀಗೆ ನಗುನಗುತ್ತ ಇದ್ದಾಗಲೇ ನನ್ನ ಎದುರಿಗೆ ದೊಡ್ಡ ಅಂಗಡಿ ಬಂತು. ಗುಂಡಿ, ದಾರ, ಲೇಸು, ಬ್ಯಾಗು, ಎಲ್ಲ ಒಂದೇ ಸೂರಿನಡಿ. ನಾನು ಕೊಂಡು ತರುವ ಬೆಲೆಗೆ ಅವರು ಮಾರುತ್ತಿದ್ದರು. ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳನ್ನು ಗುಂಡಿ-ದಾರದಿಂದಲೇ ಸಾಕಬೇಕಾಗಿದ್ದ ನನಗೆ ಅನ್ನ ಸೇರದಾಯಿತು. ದೊಡ್ಡ ಅಂಗಡಿಯ ಪರವಾನಗಿ ರದ್ದು ಮಾಡಬೇಕೆಂದು ಬೀದಿಯ ಸಂಘದವರು ಅರ್ಜಿ ಬರೆದರು. ಬೀದಿಯ ಅಂಗಡಿಯವರೆಲ್ಲರ ಸಹಿ ಬೇಕಿತ್ತು. ಎಲ್ಲರೂ ಹಾಕಿದರು, ಅಕ್ಕನೊಬ್ಬಳನ್ನು ಬಿಟ್ಟು.

"ನನ್ನ ಹೊಟ್ಟೆ ಮೇಲೆ ಹೊಡೀತಿದ್ದಾರೆ, ನೀನು ಪುಸ್ತಕ ಹಿಡ್ಕೊಂಡು ಕೂತಿದ್ದೀಯಲ್ಲೇ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ.

"ನಿನಗೆ ನಷ್ಟ, ಗೊತ್ತು. ಬೀದಿ ದರ್ಜಿಗಳಿಗೆ ಲಾಭ, ಅದೂ ಗೊತ್ತು. ಆ ದೊಡ್ಡ ಅಂಗಡಿ ಬಾಗಿಲು ಮುಚ್ಚಿಸೋಕೆ ನಾನು ಸಹಿ ಹಾಕಲ್ಲ. ನಿನ್ನ ಬಾಗಿಲು ತೆರೆದಿಡೋಕೆ ಏನು ಬೇಕಾದ್ರೂ ಮಾಡ್ತೀನಿ."

"ನಿನ್ನ ಎದುರಿಗೇ ಪುಸ್ತಕದಂಗಡಿ ಬಂದಿದ್ರೆ ಗೊತ್ತಾಗ್ತಿತ್ತು."

"ಬಂದಿದ್ರೆ ಚೆನ್ನಾಗಿ ಅಳ್ತಿದ್ದೆ. ಸಹಿ ಮಾತ್ರ ಹಾಕ್ತಿರಲಿಲ್ಲ."

ಅರ್ಜಿ ಬಿದ್ದುಹೋಯಿತು. ನಾನು ಮಾತು ಬಿಟ್ಟೆ. ಅಕ್ಕ ತನ್ನ ಗೂಡಿಗೆ ಬೀಗ ಹಾಕಿ, ಒಂದು ಸ್ಟೂಲು ತಂದು ದೊಡ್ಡ ಅಂಗಡಿಯ ಬಾಗಿಲ ಪಕ್ಕ ಕೂತಳು. ಬಿಸಿಲು ಏರಿದರೂ ಏಳಲಿಲ್ಲ. ಅಂಗಡಿಯ ಕೆಲಸದವರು ಗದರಿದರೆ "ಮೊಣಕಾಲು ನೋವಪ್ಪಾ" ಎನ್ನುತ್ತಿದ್ದಳು. ದಿನವೆಲ್ಲ ಹಾಗೇ ಕೂತಿದ್ದು, ಸಂಜೆ ನನ್ನ ಅಂಗಡಿಗೆ ನುಗ್ಗಿದಳು.

"ಮುಖ ಆ ಕಡೆ ತಿರುಗಿಸ್ಕೊಂಡೇ ಕೇಳು. ಅಲ್ಲಿಂದ ಗೊಣಗ್ತಾ ಹೊರಗೆ ಬರೋರ ಕೈಲೆಲ್ಲ ಜಿಪ್ಪು ಕೆಟ್ಟ ಬ್ಯಾಗು. ಅವರು ಹೊಸದು ಮಾರ್ತಾರೆ, ಹಳೇದು ರಿಪೇರಿ ಮಾಡಲ್ಲ."

ಮುದುಕ ದರ್ಜಿಯೊಬ್ಬನ ಹತ್ತಿರ ಅವಳೇ ನನ್ನನ್ನು ಕರೆದೊಯ್ದು, ಇಕ್ಕಳ ಹಿಡಿದು ಜಿಪ್ಪು ಸರಿಮಾಡುವುದನ್ನು ಕಲಿಯಲು ಹಚ್ಚಿದಳು. ಜಿಪ್ಪು ನನ್ನ ಮನೆ ಉಳಿಸಿತು. ಬರಬರುತ್ತ ದೊಡ್ಡ ಅಂಗಡಿಯವರೇ "ಎದುರುಗಡೆ ಅಮ್ಮನ ಹತ್ರ ಹೋಗಿ" ಎಂದು ಗಿರಾಕಿಗಳನ್ನು ಕಳಿಸತೊಡಗಿದರು.

"ನೋಡ್ದೇನಕ್ಕಾ, ಹೊಗಳೋ ಪುಸ್ತಕಾನೇ ಗೆಲ್ತು!" ಎಂದೆ ಒಮ್ಮೆ.

ಅಕ್ಕ ನಗಲಿಲ್ಲ. "ಸುಮ್ನಿರೇ. ನಮ್ಮ ಬೀದಿ ಲೇಸಿನವನು ಅವರಿಂದಲೇ ಅಂಗಡಿ ಮುಚ್ಕೊಂಡು ಹೋದ್ನಲ್ಲ, ಅವನು ಯಾವ ಪುಸ್ತಕದಲ್ಲಿದ್ದಾನೆ?"

ಅವನಿಗೆ ಹೊಸ ಕೆಲಸ ಸಿಗುವ ತನಕ ಅವನ ಮನೆಗೆ ಹೋಗಿಬರುತ್ತಿದ್ದವಳೂ ಅವಳೇ. ಪುಸ್ತಕ ಓದಿದವರನ್ನು ಬೇಕಾದಷ್ಟು ನೋಡಿದ್ದೇನೆ. ತನಗೆ ಹಿಡಿಸದ ಪುಟವನ್ನೂ ಹಾರಿಸದೆ ಓದಿದವಳು ಅಕ್ಕನೊಬ್ಬಳೇ.

ಕೊನೆಗೆ ಹಳೆಯ ಪುಸ್ತಕಗಳ ಧೂಳು ಅವಳ ಶ್ವಾಸಕೋಶ ತಿಂದಿತು. ಆಸ್ಪತ್ರೆಗೆ ಬಿಸಿನೀರು ಒಯ್ದಿದ್ದೆ. ಮಾತಿಗೊಮ್ಮೆ ಉಸಿರೆಳೆಯುತ್ತಿದ್ದಳು.

"ನನ್ನ ಗೂಡಿಗೆ ಒಬ್ಬಳು ಬರ್ತಿದ್ದಾಳೆ ಕಣೇ. ಮಾಲೀಕರಿಗೆ ನಾನೇ ಹೇಳಿ ಕೊಡಿಸ್ದೆ. ಗಂಡ ಬಿಟ್ಟವಳು, ಕೈ ಚುರುಕು."

"ಏನಂಗಡಿ ಇಡ್ತಾಳಂತೆ?"

ಅಕ್ಕ ಸೂರು ನೋಡಿದಳು. "ಜಿಪ್ಪು ರಿಪೇರಿ."

ನಾನು ಲೋಟವನ್ನು ಕೆಳಗಿಟ್ಟೆ. ಅವಳು ನನ್ನ ಮುಂಗೈ ಹಿಡಿದುಕೊಂಡಳು.

"ಅವಳ ಹತ್ರ ಸಾಮಾನು ಏನೂ ಇಲ್ವೇ. ತನ್ನದು ಅಂತ ಕೊಳ್ಳೋವರೆಗೆ ನಿನ್ನ ಇಕ್ಕಳ ಕೊಡ್ತೀಯಾ?"