ಸ್ವಾಮಿಗೌಡರ ಕೈ ಮತ್ತು ಗಾಳಿಯ ವಾಲ್ವ್

ಕೊರೊನಾ ಕಳೆದ ಮರುವರ್ಷ ನಾನು ಹುಣಸೂರಿನ ಹೊರಗಿದ್ದ ಒಂದು ಸಣ್ಣ ಪ್ರಾಯೋಗಿಕ ಘಟಕದ ಮುಖ್ಯಸ್ಥೆಯಾಗಿದ್ದೆ. ಮೆಥನಾಲ್‌ನಿಂದ ಪ್ರೊಪಿಲೀನ್ ತಯಾರಿಸುವುದು ನಮ್ಮ ಕೆಲಸ. ಪ್ರೊಪಿಲೀನ್ ಹೆಸರು ಕೇಳಿದವರು ಕಡಿಮೆ. ಅದರಿಂದಾಗುವ ಪ್ಲಾಸ್ಟಿಕ್ ಕುರ್ಚಿ, ಗೊಬ್ಬರದ ಚೀಲ ಎಲ್ಲರ ಮನೆಯಲ್ಲೂ ಇವೆ.

ಮೆಥನಾಲ್ ಆವಿಯನ್ನು ಮೊದಲು ಡೈಮೀಥೈಲ್ ಈಥರ್ ಮಾಡಿಕೊಂಡು, ಸುಮಾರು 450 ಡಿಗ್ರಿ ಬಿಸಿಯಲ್ಲಿ ಜಿಯೋಲೈಟ್ ಎಂಬ ಕ್ಯಾಟಲಿಸ್ಟ್ ಮೇಲೆ ಹಾಯಿಸಿದರೆ ಪ್ರೊಪಿಲೀನ್ ಬರುತ್ತದೆ. ಕ್ಯಾಟಲಿಸ್ಟ್ ತಾನು ಖರ್ಚಾಗದೆ ಕೆಲಸ ನಡೆಸಿಕೊಡುತ್ತದೆ. ಆದರೆ ಬರಬರುತ್ತಾ ಅದರ ರಂಧ್ರಗಳಲ್ಲಿ ಕೋಕ್ ಎಂಬ ಮಸಿ ಕಟ್ಟುತ್ತದೆ. ಆಗ ಮೆಥನಾಲ್ ನಿಲ್ಲಿಸಿ, ನೈಟ್ರೋಜನ್ ಜೊತೆ ಚೂರೇ ಚೂರು ಗಾಳಿ ಬಿಟ್ಟು ಮಸಿಯನ್ನು ನಿಧಾನಕ್ಕೆ ಸುಡಬೇಕು. ಗಾಳಿ ಹೆಚ್ಚಾದರೆ ಉರಿ ಹೆಚ್ಚಿ ಕ್ಯಾಟಲಿಸ್ಟೇ ಹಾಳು. ನಮ್ಮಲ್ಲಿದ್ದದ್ದು ಒಮ್ಮೆ ತುಂಬುವಷ್ಟು ಮಾತ್ರ. ಅದು ಕೆಟ್ಟರೆ ಘಟಕಕ್ಕೆ ಬೀಗ ಎಂದು ಮಾಲೀಕರು ಮೊದಲೇ ಹೇಳಿದ್ದರು.

ಮೊದಲ ಸಲ ಮಸಿ ಸುಡುವಾಗ ಗಾಳಿ ಬಿಡುವ ವಾಲ್ವ್ ಮುಂದೆ ಇದ್ದವರು ಆಪರೇಟರ್ ಸ್ವಾಮಿಗೌಡರು. ರಾವಂದೂರು ಕಡೆಯ ರೈತರು, ತಂಬಾಕು ಬೇಯಿಸುವುದರಲ್ಲಿ ಪಳಗಿದ ಕೈ. ನಾನಿನ್ನೂ ಕಾಫಿ ಬಾಯಿಗಿಟ್ಟಿರಲಿಲ್ಲ, ಅಲಾರಂ ಕೂಗಿತು. ಓಡಿ ಬಂದರೆ ಬಿಸಿ ಏರುತ್ತಲೇ ಇದೆ, ಗೌಡರು ಗಾಳಿಯ ವಾಲ್ವನ್ನು ಇನ್ನಷ್ಟು ತೆರೆಯುತ್ತಿದ್ದಾರೆ! ಅವರನ್ನು ಪಕ್ಕಕ್ಕೆ ತಳ್ಳಿ ಗಾಳಿ ಬಂದ್ ಮಾಡಿದೆ. ಮೀಟರ್ ಇಳಿಯುವವರೆಗೂ ವಾಲ್ವ್ ಬಿಟ್ಟು ಕದಲಲಿಲ್ಲ.

"ಏನ್ ಮಾಡ್ತಿದ್ರಿ ಗೌಡ್ರೇ?" ಎಂದು ರೇಗಿದೆ.

"ಬಿಸಿ ಜಾಸ್ತಿ ಆಯ್ತು, ತಣ್ಗಾಗ್ಲಿ ಅಂತ ಗಾಳಿ ಬುಟ್ಟೆ ಮೇಡಂ. ಬ್ಯಾರನ್‌ನಾಗೆ ಅಂಗೇ ಅಲ್ವಾ ಮಾಡೋದು?"

ನನ್ನ ಸಿಟ್ಟು ಅಲ್ಲೇ ನಿಂತಿತು. ತಂಬಾಕಿನ ಎಲೆಯನ್ನು ಬಿಸಿಯಲ್ಲಿ ಒಣಗಿಸಿ ಹದ ಮಾಡುವ ಬ್ಯಾರನ್ ಮನೆಯಲ್ಲಿ ಬಿಸಿ ಮೀರಿದರೆ ಗಾಳಿಕಿಂಡಿ ತೆರೆಯುತ್ತಾರೆ. ನಾವು ಹೇಳಿಕೊಟ್ಟದ್ದು ಅವರ ತಲೆಯಲ್ಲಿತ್ತು. ಗಾಬರಿಯಾದಾಗ ಮುಂದೆ ಹೋದದ್ದು ಕೈ.

"ನಾಳೆಯಿಂದ ಆ ಮನುಷ್ಯ ಬರೋದು ಬೇಡ" ಎಂದು ಮಾಲೀಕರು ಫೋನಿನಲ್ಲಿ ಕೂಗಾಡಿದರು. ಮೊದಲು ಕ್ಯಾಟಲಿಸ್ಟ್ ನೋಡೋಣ ಎಂದೆ. ಉಳಿದ ಮಸಿಯನ್ನು ನಾನೇ ನಿಂತು ಸುಟ್ಟು ಮತ್ತೆ ಮೆಥನಾಲ್ ಹಾಯಿಸಿದೆವು. ಪ್ರೊಪಿಲೀನ್ ತುಸು ಕಡಿಮೆಯಾದರೂ ಬಂತು. ನನಗೆ ಅಳುವೇ ಬಂದಿತು.

ಎರಡನೇ ಸಲ ಅದೇ ವಾಲ್ವ್‌ಗೆ ಗೌಡರನ್ನೇ ನಿಲ್ಲಿಸಿದೆ. ನಿಮಗೆ ತಲೆ ಕೆಟ್ಟಿದೆಯಾ ಎಂದರು ಮಾಲೀಕರು. ಕೆಟ್ಟರೆ ನಾನೂ ಮನೆಗೆ ಹೋಗುತ್ತೇನೆ ಎಂದೆ. ಗೌಡರಿಗೆ ಹೇಳಿದ್ದು ಇಷ್ಟೇ: "ಇದು ಬ್ಯಾರನ್ ಅಲ್ಲ, ಒಲೆ ಅಂದ್ಕೊಳ್ಳಿ. ಊದಿದ್ರೆ ಇನ್ನೂ ಉರಿಯತ್ತೆ."

ಬಿಸಿ ಏರತೊಡಗಿತು. ನೋಡಿದರೆ ಗೌಡರು ತಮ್ಮ ಬಲಗೈ ಮಣಿಕಟ್ಟನ್ನು ಎಡಗೈಯಿಂದ ಬಿಗಿಯಾಗಿ ಹಿಡಿದು ನಿಂತಿದ್ದಾರೆ.

"ಯಾಕೆ ಗೌಡ್ರೇ?"

"ಕೈ ತಾನಾಗೇ ತೆಗ್ಯಾಕ್ ಓಯ್ತದೆ ಮೇಡಂ. ಅದ್ಕೇ ಇಡ್ಕಂಡಿವ್ನಿ."

ಒಂದು ಉಸಿರು ಬಿಟ್ಟು, ಕೈ ಸಡಿಲಿಸಿ, ವಾಲ್ವನ್ನು ಮುಚ್ಚುವ ಕಡೆಗೆ ತಿರುಗಿಸಿದರು. ಮೀಟರ್ ಇಳಿಯಿತು. ಘಟಕವೂ ಉಳಿಯಿತು, ಗೌಡರ ಕೆಲಸವೂ ಉಳಿಯಿತು.

ಏನೂ ಗೊತ್ತಿಲ್ಲದವರಿಗೆ ಕೆಲಸ ಕಲಿಸುವುದು ಸುಲಭ. ಇನ್ನೊಂದು ಕೆಲಸವನ್ನು ಚೆನ್ನಾಗಿ ಬಲ್ಲವರಿಗೆ ಕಲಿಸುವುದೇ ಕಷ್ಟ. ಆಮೇಲೆ ನಿವೃತ್ತಿಯಾಗುವವರೆಗೂ, ಹೊಸಬರು ಯಾರು ಬಂದರೂ ನಾನು ಮೊದಲು ಕೇಳುತ್ತಿದ್ದದ್ದು ಒಂದೇ: "ಇದಕ್ಕೆ ಮುಂಚೆ ಈ ಕೈ ಏನು ಮಾಡ್ತಿತ್ತು?"