ಬಲೆ ಅಲುಗಿಸದ ಮೀನಿನವನು

ಬೆಟಗೇರಿಯ ಆ ಮೀನಿನಂಗಡಿಯವನು ಅಕ್ವೇರಿಯಂನಲ್ಲಿ ಮೀನನ್ನೆಂದೂ ಬೆನ್ನಟ್ಟುತ್ತಿರಲಿಲ್ಲ. ಬಲೆಯನ್ನು ನೀರಿಗಿಳಿಸಿ, ಕತ್ತು ವಾಲಿಸಿ, ಸ್ಟ್ಯಾಚ್ಯೂ ಹಾಗೆ ಕೂತುಬಿಡುತ್ತಿದ್ದ. "ಗಡಿಬಿಡಿ ಬ್ಯಾಡ್ರಿ ಅಮ್ಮಾರ, ಮೀನ ನಮ್ಮನ್ನ ಮರೀಲಿ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ನಮ್ಮ ಮನೆಯ ಟ್ಯಾಂಕಿನ ಗಾಜು ಬಿರುಕು ಬಿಟ್ಟು ನೀರು ಸೋರತೊಡಗಿತು. ಅವನನ್ನೇ ಕರೆಸಿದೆ. ನಮ್ಮ ಯಜಮಾನರು ಪ್ರೀತಿಯಿಂದ ಸಾಕಿದ್ದ ಆಸ್ಕರ್ ಮೀನು ಕಲ್ಲಿನ ಹಿಂದೆ ಅಡಗಿತ್ತು. ನನಗೆ ಅವರದೆಂದು ಉಳಿದ ಜೀವ ಅದೊಂದೇ. ಅವರು ತೀರಿಕೊಂಡದ್ದು ಅಂಗಡಿಯವನಿಗೆ ಗೊತ್ತಿರಲಿಲ್ಲ.

ನೀರು ಅರ್ಧಕ್ಕಿಳಿದಾಗ ಮೀನು ಮೆಲ್ಲಗೆ ಹೊರಬಂದು, ನನ್ನ ಪಕ್ಕದ ಖಾಲಿ ಜಾಗವನ್ನೇ ದಿಟ್ಟಿಸಿತು.

ಗಾಜಿನಿಂದ ಕಣ್ಣು ತೆಗೆಯದೆ ಆತ ಪಿಸುಗುಟ್ಟಿದ: "ಸಾಹೇಬ್ರಿಗೆ ಅಲ್ಲೇ ನಿಂದ್ರಾಕ ಹೇಳ್ರಿ. ಅವರನ್ನ ನೋಡೇ ಬಂದೈತಿ."

ಮನೆಯಲ್ಲಿದ್ದದ್ದು ನಾನು, ಅವನು ಇಬ್ಬರೇ.

"ಅಲ್ಲೇ ನಿಂದರ್ರಿ, ಪ್ಲೀಸ್" ಎಂದೆ, ಆ ಖಾಲಿ ಜಾಗಕ್ಕೆ.

ಬಲೆ ಮೀನಿನ ಹಿಂದಿನಿಂದ ಮೇಲೆದ್ದಿತು. ಆ ಜಾಗವನ್ನೇ ನೋಡುತ್ತಿದ್ದ ಮೀನು ಕದಲಲೇ ಇಲ್ಲ.