ನಡುವೆ ಉಳಿದ ಕಪ್ಪು

ಹಾರವಾಡದ ಕುಪ್ಪ ಮೀನು ಹಿಡಿಯುತ್ತಾನೆ, ಅವನ ಹೆಂಡತಿ ನಾಗಿ ಗಿರಾಕಿ ಹಿಡಿಯುತ್ತಾಳೆ. ಎರಡನೆಯದೇ ಕಷ್ಟ, ಮೀನು ಚೌಕಾಸಿ ಮಾಡುವುದಿಲ್ಲ. ತಲೆಯ ಮೇಲೆ ಮೀನಿನ ಹೆಡಿಗೆ ಹೊತ್ತು ಅಂಕೋಲೆಯ ಓಣಿಗಳನ್ನು ಸುತ್ತುವ ನಾಗಿಗೆ ಕಂಕುಳಲ್ಲಿ ನೋವು ಬಂದಾಗ, ಭಾರ ಎತ್ತಿಳಿಸಿದ ಉಳುಕು ಎಂದುಕೊಂಡಳು. ಎದೆಯಲ್ಲೂ ಗಂಟು ಕೈಗೆ ಸಿಕ್ಕಾಗ ಕಾರವಾರದ ಆಸ್ಪತ್ರೆಗೆ ಹೋದರು. ಕ್ಯಾನ್ಸರ್ ಎಂದರು.

"ಇಷ್ಟು ವರ್ಷ ದುಡಿದು ಕಟ್ಟಿದ ಗಂಟು ಇದೊಂದೇ ನೋಡು," ಎಂದಳು ನಾಗಿ. ಕುಪ್ಪ ನಗಲಿಲ್ಲ.

ಇನ್ನು ತಿಳಿಯಬೇಕಾದ್ದು, ರೋಗ ಕಂಕುಳಿನ ಗ್ರಂಥಿಗೂ ಇಳಿದಿದೆಯೇ ಎಂಬುದು. ಇಳಿದಿದ್ದರೆ ಅಲ್ಲಿನ ಗ್ರಂಥಿಗಳನ್ನೂ ತೆಗೆಯಬೇಕು. ಆಮೇಲೆ ಕೈ ಊದಬಹುದು, ಹೆಡಿಗೆ ಎತ್ತುವ ಮಾತಿಲ್ಲ.

ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರ್ ಪ್ರೇಕ್ಷಾ ಸೂಜಿ ಚುಚ್ಚುತ್ತ ಹೇಳಿದರು: "ಈ ಔಷಧಿಯಲ್ಲಿ ಕಣ್ಣಿಗೆ ಕಾಣದಂಥ ಗುಳ್ಳೆ ಇರ್ತಾವೆ ಅಮ್ಮಾ. ರಕ್ತದ ಸಂಗಡ ಗ್ರಂಥಿಗೆ ಹೋದ್ರೆ ಪರದೆ ಮೇಲೆ ಬೆಳ್ಳಗೆ ಹೊಳೀತದೆ."

ಕುಪ್ಪನ ಕಿವಿ ನಿಮಿರಿತು. ಕಡಲಲ್ಲಿ ಗುಳ್ಳೆ ಎದ್ದಲ್ಲಿ ಕೆಳಗೆ ಮೀನಿನ ಹಿಂಡು ಇರುತ್ತದೆ. ಹಾಗಾದರೆ ಇಲ್ಲೂ ಗುಳ್ಳೆ ಇದ್ದಲ್ಲೇ ರೋಗ. ಉಸಿರು ಬಿಗಿಹಿಡಿದು ಪರದೆ ನೋಡಿದ. ಗ್ರಂಥಿಯ ಅಂಚಿಗೆ ತೆಳ್ಳಗೆ ಬಿಳಿ ಬಂತು. ನಡುವೆ ಕಪ್ಪಾಗಿಯೇ ಉಳಿಯಿತು.

"ನಾಗಿ, ಗುಳ್ಳೆ ಇಲ್ಲ. ಖಾಲಿ ಅದೆ."

ನಾಗಿ ಪರದೆ ನೋಡಲಿಲ್ಲ, ಡಾಕ್ಟರ ಮುಖ ನೋಡಿದಳು. ಅವರು ತಿದ್ದಲು ಬಾಯಿ ತೆರೆದಾಗ ಬೇಡವೆಂದು ಕಣ್ಣಲ್ಲೇ ಹೇಳಿದಳು. ಕುಪ್ಪ ಹೊರಗೆ ಹೋದ ಮೇಲೆ ಕೇಳಿದಳು: "ಗುಳ್ಳೆ ಹೋಗದ ಜಾಗವೇ ಅನುಮಾನದ್ದು, ಅಲ್ವೇ?"

"ಹೌದಮ್ಮ. ರೋಗ ಕೂತಲ್ಲಿ ರಕ್ತ ಸರಿಯಾಗಿ ಹೋಗೂದಿಲ್ಲ. ಆ ಕಪ್ಪಿನಿಂದ್ಲೇ ಸೂಜೀಲಿ ಚೂರು ತೆಗೆದು ನೋಡ್ಬೇಕು. ಅಲ್ಲೀತನಕ ಖಂಡಿತ ಹೇಳೂಕಾಗೂದಿಲ್ಲ."

ಊರಿಗೆ ಮರಳುವ ಬಸ್ಸಿನಲ್ಲಿ ಕುಪ್ಪ ಅಮದಳ್ಳಿ ದಾಟಿದರೂ ಮಾತು ನಿಲ್ಲಿಸಲಿಲ್ಲ. ಮದುವೆಯಾದಾಗಿನಿಂದ ಅವನು ಅಷ್ಟು ಮಾತಾಡಿದ್ದೇ ಇಲ್ಲ. ನಾಗಿ ಹ್ಞೂಂಗುಟ್ಟುತ್ತ ಕೂತಳು.

ಸೂಜಿಯಲ್ಲಿ ತೆಗೆದ ಚೂರಿನ ವರದಿ ಬಂತು. ಕಪ್ಪು ಖಾಲಿಯಾಗಿರಲಿಲ್ಲ.

ದಂಡೆಯಲ್ಲಿ ಬಲೆ ಹೊಲಿಯುತ್ತಿದ್ದ ಕುಪ್ಪನ ಪಕ್ಕ ಕೂತು ನಾಗಿ ಎಲ್ಲ ಹೇಳಿದಳು. ಅವನ ಕೈ ನಿಂತಿತು.

"ನಿಂಗೆ ಅವತ್ತೇ ಗೊತ್ತಿತ್ತು?"

"ಅನುಮಾನ ಇತ್ತು. ನೀ ಅಷ್ಟು ಖುಷಿಯಲ್ಲಿದ್ದೆ, ಕೆಡ್ಸೂಕೆ ಮನಸಾಗ್ಲಿಲ್ಲ."

ಕುಪ್ಪ ಬಲೆ ಮಡಿಸಿ ಬದಿಗಿಟ್ಟ. ಅವರ ಕೇರಿಯಲ್ಲಿ ಗಂಡಸು ಹೆಡಿಗೆ ಹೊತ್ತು ಮನೆಮನೆಗೆ ಹೋದರೆ ಮಕ್ಕಳೂ ನಗುತ್ತಾರೆ.

"ಇನ್ನು ಹೆಡಿಗೆ ನಾ ಹೊರ್ತೆ," ಎಂದ.

"ಕೂಗೂಕೆ ಬರ್ತದಾ ನಿಂಗೆ?"

ಕುಪ್ಪ ಗಂಟಲು ಸರಿಮಾಡಿಕೊಂಡು "ಬಂಗಡೇ" ಎಂದ. ಮೀನು ಮಾರುವ ದನಿಯಲ್ಲ ಅದು, ಮೀನು ತೀರಿಕೊಂಡ ಸುದ್ದಿ ಹೇಳುವ ದನಿ.

"ಬೇಡ ಮಾರಾಯ. ಕೂಗೂದು ನಾನೇ, ನೀ ಹೊರು ಸಾಕು," ಎಂದು ನಾಗಿ ನೋವಿನ ಕಡೆಯ ಕೈಯಿಂದಲೇ ಅವನ ಬೆನ್ನಿಗೊಂದು ಗುದ್ದಿದಳು.